ಮೂರನೇ ಕ್ಯಾಸೆಟ್ಟಿನ ಹೆಬ್ಬಾತು

ಗಂಡ ಒಂದೇ ಸಾಮಾನನ್ನು ಎರಡು ಸಲ ತಂದರೆ ಅದು ಮರೆವು, ಮೂರನೇ ಸಲವೂ ತಂದರೆ ಕಾಯಿಲೆ. ಇದು ವಾಸಂತಿ ಪುಸ್ತಕ ಓದಿ ತಿಳಿದದ್ದಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಗಂಡ ಪ್ರಭಾಕರ ಜಿಪಿ ಡಾಕ್ಟರಾಗಿದ್ದಷ್ಟು ವರ್ಷ ಅವನ ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂತವಳು ಅವಳೇ. ಗಂಡಂದಿರ ತೋಳು ಹಿಡಿದು ಬರುತ್ತಿದ್ದ ಹೆಂಗಸರು ಗಾಜಿನ ಕಿಂಡಿಗೆ ಬಾಯಿ ಹತ್ತಿರ ತಂದು ಮೊದಲು ಹೇಳುತ್ತಿದ್ದ ಮಾತು ಅದೇ: ಬೀರು ತುಂಬ ಮಾರ್ಮಲೇಡ್ ಜಾಮ್ ಇದೆ, ಇವರು ಮತ್ತೆ ಮಾರ್ಮಲೇಡ್ ತರುತ್ತಾರೆ.

ಪ್ರಭಾಕರ ತರುತ್ತಿದ್ದದ್ದು ಮಾರ್ಮಲೇಡ್ ಅಲ್ಲ. ಮಕ್ಕಳ ವಿಡಿಯೋ ಕ್ಯಾಸೆಟ್.

ಸಟನ್ ಕೋಲ್ಡ್‌ಫೀಲ್ಡಿನ ಅವರ ಮನೆಯ ಗ್ಯಾರೇಜಿನಲ್ಲಿ, ಪೇಂಟ್ ಡಬ್ಬಗಳ ಹಿಂದೆ ಅವು ಅವಳಿಗೆ ಸಿಕ್ಕವು. ಅವಳು ಹುಡುಕುತ್ತಿದ್ದದ್ದು ಕುಡುಗೋಲನ್ನು. ಎರಡು ಚೀಲಗಳ ತುಂಬ ‘ಪಂಬಲ್ಸ್ ಶೆಡ್’. ಟೋಪಿ ಹಾಕಿದ ಪೆದ್ದ ಮುದುಕ ಪಂಬಲ್, ಅವನ ಮೂಗು ಕಚ್ಚಿ ಹಿಡಿಯುವ ಬಟ್ಟೆಯ ಹೆಬ್ಬಾತು. ಟಿವಿಯಲ್ಲಿ ಬಂದ ಹಳೆಯ ಕತೆಗಳನ್ನು ಮೂರು ಮೂರು ಸೇರಿಸಿ ಅಂಗಡಿಯಲ್ಲಿ ಮಾರುತ್ತಿದ್ದ ಕ್ಯಾಸೆಟ್ಟುಗಳು ಅವು. ಮಗಳು ಅಮೂಲ್ಯಾ ಚಿಕ್ಕವಳಿದ್ದಾಗ ಅದನ್ನು ಹಾಕದೆ ಅನ್ನ ನುಂಗುತ್ತಿರಲಿಲ್ಲ. ವಾಸಂತಿ ಒಂದೊಂದನ್ನೇ ತಿರುಗಿಸಿ ನೋಡಿದಳು. ಎಲ್ಲವೂ ಮೂರನೇ ಭಾಗ. ಒಂದನೆಯದಿಲ್ಲ, ಎರಡನೆಯದಿಲ್ಲ.

ಇದ್ದುದನ್ನು ಇದ್ದಂತೆ ಜೋಡಿಸಿ, ಪೇಂಟ್ ಡಬ್ಬಗಳನ್ನು ಮತ್ತೆ ಅಡ್ಡ ಇಟ್ಟು ಒಳಗೆ ಬಂದಳು. ಕೇಳಬಾರದು, ಮೊದಲು ನೋಡಬೇಕು. ಕೇಳಿದರೆ ಗಂಡಸರು ಎಚ್ಚರವಾಗುತ್ತಾರೆ. ಡಾಕ್ಟರಾಗಿದ್ದ ಗಂಡಸರಂತೂ ಪರೀಕ್ಷೆಯ ಉತ್ತರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಮರುದಿನ ತಿಂಡಿಗೆ ಅವಲಕ್ಕಿ ಹಾಕುತ್ತ, ಮಾತಿಗೆ ಮಾತು ಎಂಬಂತೆ ಕೇಳಿದಳು. “ಅಲ್ಲಾ, ಇವತ್ತ ಯಾವ ವಾರ?”

ಪ್ರಭಾಕರ ಫೋನಿನಿಂದ ತಲೆ ಎತ್ತಲಿಲ್ಲ. “ಗುರುವಾರ. ಕಸದ ಬಿನ್ ಒಯ್ಯೋ ದಿನ.”

“ಬೂದಿ ಬಣ್ಣದ ಬಿನ್ ಹೊರಗ ಇಟ್ಟೀನಿ.”

“ಈ ವಾರ ಕಂದು ಬಣ್ಣದ್ದು. ಬೂದು ಹೋದ ವಾರ ಆಯ್ತಲ್ಲ.” ಆಗ ತಲೆ ಎತ್ತಿದ. “ವಾಸಂತಿ, ನಿಂಗೆ ಏನಾದ್ರೂ ಮರ್ತು ಹೋಗ್ತಿದೆಯಾ?”

ಅವಳು ಹೋಗಿ ಬಿನ್ ಬದಲಿಸಿದಳು. ಅವನು ಮೈಸೂರಿನವ, ಅವಳು ಧಾರವಾಡದವಳು. ಹೊರಗಿನವರ ಮುಂದೆ ಇಬ್ಬರದೂ ಒಂದೇ ಬೆಂಗಳೂರು ಕನ್ನಡ. ಮನೆಯಲ್ಲಿ, ಅದರಲ್ಲೂ ಮನಸ್ಸಿನಲ್ಲಿ ಏನಾದರೂ ಕುದಿಯುವಾಗ, ಅವಳ ಕನ್ನಡ ತವರಿಗೆ ಹೋಗುತ್ತಿತ್ತು.

ಬಿನ್ನಿನ ಬಣ್ಣ ನೆನಪಿರುವವನಿಗೆ ನಿನ್ನೆ ಕೊಂಡದ್ದು ಹೇಗೆ ಮರೆಯುತ್ತದೆ? ಮರೆವಲ್ಲದಿದ್ದರೆ ಮತ್ತೇನು? ಆ ಶನಿವಾರ ಮನೆಯ ಫೋನಿಗೆ ಒಬ್ಬ ಹೆಂಗಸು ಕರೆ ಮಾಡಿದಳು. ಹೆಸರು ಹೇಳಲಿಲ್ಲ. ದನಿಯಲ್ಲಿ ಸಲಿಗೆಯಿತ್ತು. “ಡಾಕ್ಟರ್‌ಗೆ ಹೇಳ್ಬಿಡಿ ಡಾರ್ಲಿಂಗ್, ಅವರದು ಇನ್ನೊಂದು ಬಂದಿದೆ. ಎತ್ತಿಟ್ಟಿದ್ದೀನಿ.” ವಾಸಂತಿ ಹೇಳಿದಳು. ಪ್ರಭಾಕರ “ಓ, ಸರಿ” ಎಂದು ಕೋಟು ಹಾಕಿಕೊಂಡ. ಹಾಲು ತರುತ್ತೇನೆ ಎಂದು ಹೋದ. ಬರುವಾಗ ಹಾಲು ತಂದಿರಲಿಲ್ಲ. ನೇರ ಗ್ಯಾರೇಜಿಗೆ ನಡೆದ.

ಅವಳು ಹಿತ್ತಿಲ ಬಾಗಿಲಿನಿಂದ ಹೋಗಿ ಗ್ಯಾರೇಜಿನ ಪಕ್ಕದ ಕಿಟಕಿಯಲ್ಲಿ ನಿಂತಳು. ಎಂದೋ ಎಸೆಯಬೇಕಿದ್ದ ಹಳೆಯ ಟಿವಿ ವರ್ಕ್‌ಬೆಂಚಿನ ಮೇಲಿತ್ತು. ಅದರ ಕೆಳಗೆ ಅವಳು ನೋಡಿರದ ವಿಡಿಯೋ ಪ್ಲೇಯರ್. ಪ್ರಭಾಕರ ಮಡಿಸುವ ಕುರ್ಚಿಯಲ್ಲಿ ಕೂತಿದ್ದ. ಹೆಬ್ಬಾತು ಮುದುಕನ ಮೂಗು ಹಿಡಿಯಿತು. ಪ್ರಭಾಕರನ ಭುಜ ಕುಲುಕಿತು, ನಗುತ್ತಿದ್ದ. ಮೊದಲ ಕತೆ ಮುಗಿಯುವವರೆಗೂ ನಗುತ್ತಿದ್ದ. ಎರಡನೆಯ ಕತೆಯ ಹಾಡು ಶುರುವಾದದ್ದೇ ಮುಖ ಇಳಿಯಿತು. ಕ್ಯಾಸೆಟ್ಟನ್ನು ಹೊರಗೆ ತೆಗೆದು, ಸ್ವಲ್ಪ ಹೊತ್ತು ತೊಡೆಯ ಮೇಲಿಟ್ಟುಕೊಂಡು, ಎದ್ದು ಹೋಗಿ ಪೇಂಟ್ ಡಬ್ಬಗಳ ಹಿಂದೆ ಸೇರಿಸಿದ.

ವಾಸಂತಿ ಬಾಗಿಲು ತೆಗೆದಳು. “ಏನ್ ನಡಸೀರಿ?”

“ಓ, ನೀನಾ.” ಕಳ್ಳತನದಲ್ಲಿ ಸಿಕ್ಕಿಬಿದ್ದ ಮಗುವಿನ ನಗು. “ಅಮೂಲ್ಯಾನ ಮಗೂಗೆ ಇರ್ಲಿ ಅಂತ.”

“ಒಂದು ಕೂಸಿಗೆ ಇಷ್ಟು ಕ್ಯಾಸೆಟ್ಟಾ? ಅದೂ ಎಲ್ಲಾ ಮೂರನೇದ?”

“ಒಂದು ಹಾಳಾದ್ರೆ ಇನ್ನೊಂದು ಇರ್ಲಿ.”

“ಅಮೂಲ್ಯಾನ ಮನ್ಯಾಗ ಪ್ಲೇಯರ್ರ ಇಲ್ಲ.”

“ಇದನ್ನೇ ಕೊಟ್ರಾಯ್ತು. ಬಾ, ಟೀ ಮಾಡ್ತೀನಿ.” ಅವಳ ಭುಜ ತಟ್ಟಿ ಮುಂದೆ ನಡೆದ. ಟೀ ಮಾಡುವಾಗ ಅವಳ ಲೋಟಕ್ಕೆ ಏಲಕ್ಕಿ ಹಾಕುವುದನ್ನು ಮರೆಯಲಿಲ್ಲ. ಅದು ಅವಳನ್ನು ಇನ್ನಷ್ಟು ಹೆದರಿಸಿತು. ರಿಸೆಪ್ಶನ್ನಿಗೆ ಬರುತ್ತಿದ್ದ ಹೆಂಗಸರೂ ಇದನ್ನೇ ಹೇಳುತ್ತಿದ್ದರು: ಉಳಿದದ್ದೆಲ್ಲ ಸರಿಯಾಗೇ ಇದೆ ಎಂದು.

ಲೀಡ್ಸಿನಲ್ಲಿರುವ ಅಮೂಲ್ಯಾ ಈಗ ಏಳು ತಿಂಗಳ ಬಸುರಿ. ಬಾಣಂತನಕ್ಕೆ ಹೋಗಬೇಕಾದವಳು ವಾಸಂತಿ. ಅವಳಿಗೆ ಅದೇ ಒಂದು ಹೆದರಿಕೆಯಾಗಿತ್ತು. ಬೇಸಿಗೆಯ ಮೊದಲಲ್ಲಿ ಊಟಕ್ಕೆ ಕೂತಾಗ ಅಂದಿದ್ದಳು: “ನಮ್ಮವ್ವ ಅಮೂಲ್ಯಾಗ ಹೆಂಗ ಎರಿತಿದ್ಲು ಅಂತನ ನೆನಪಾಗವಲ್ದು. ನಾ ಹಾಸಿಗ್ಯಾಗ ಮಲಕೊಂಡಿದ್ದೆ, ನೋಡಲೇ ಇಲ್ಲ. ಕಾಲಮ್ಯಾಲೆ ಬೋರಲ ಹಾಕ್ಕೊಂಡು, ಮಾರಿಮ್ಯಾಲೆ ನೀರು ಬೀಳದಂಗ ಕೈ ಹೆಂಗ ಹಿಡಿತಿದ್ಲೋ.” ಪ್ರಭಾಕರ ತುತ್ತು ಕೆಳಗಿಟ್ಟು ಎದ್ದು, ಅಟ್ಟಕ್ಕೆ ಏಣಿ ಹಾಕಿದ್ದ. ಅಲ್ಲಿ ಬಹಳ ಹೊತ್ತು ಪೆಟ್ಟಿಗೆಗಳನ್ನು ಎಳೆದಾಡಿ, ಧೂಳು ಮೆತ್ತಿಕೊಂಡು ಇಳಿದು, “ಹಳೇ ಕ್ಯಾಸೆಟ್ ಪೆಟ್ಟಿಗೆ ಎಲ್ಲಿ?” ಎಂದು ಕೇಳಿದ್ದ. ಹೋದ ವರ್ಷ ಅಟ್ಟ ಖಾಲಿ ಮಾಡುವಾಗ, ದಾನಕ್ಕೆ ಬಂದ ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಕೊಟ್ಟೆನಲ್ಲ ಎಂದಳು ಅವಳು. ಅವನ ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ಅದು ಈಗ ನೆನಪಾಯಿತು. ಕಾಯಿಲೆ ಶುರುವಾದದ್ದು ಅಂದೇ ಎಂದು ಅವಳು ಲೆಕ್ಕ ಹಾಕಿದಳು. ಅದೇ ಮಧ್ಯಾಹ್ನ ಶೆಫೀಲ್ಡಿಗೆ ಫೋನು ಮಾಡಿದಳು.

ಅಲ್ಲಿನ ಬ್ರೂಮ್‌ಹಿಲ್ಲಿನಲ್ಲಿರುವ ನೂರ್‌ಜಹಾನ್ ಅವಳ ಹಳೆಯ ಗೆಳತಿ. ಹುಬ್ಬಳ್ಳಿಯವಳು. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿದ್ದವರು. ಅವಳ ಗಂಡ ಹನೀಫ್ ಎಂಜಿನಿಯರ್. ಮಗಳು ಯುಸ್ರಾ ಈಗ ಆಸ್ಪತ್ರೆಯಲ್ಲಿ ವಯಸ್ಸಾದವರನ್ನೇ ನೋಡುವ ಡಾಕ್ಟರು. ವಾಸಂತಿಗೆ ಬೇಕಾಗಿದ್ದದ್ದು ಯುಸ್ರಾ.

“ನೂರ್, ಮರೆವಿನವ್ರಿಗೆ ಯುಸ್ರಾ ಮೊದಲ ಏನ್ ಕೇಳ್ತಾಳ?”

“ಯಾರಿಗೆ ಮರೆವು? ಡಾಕ್ಟರ್ ಸಾಬ್ರಿಗೇನು?”

“ಮೊದಲ ಯಾರಿಗೂ ಹೇಳಂಗಿಲ್ಲ ಅನ್ನು.”

“ಹನೀಫ್‌ಗ ಹೇಳ್ತೀನಿ. ಅವ್ರಿಗೆ ಕಿವಿನೇ ಕೇಳಂಗಿಲ್ಲ, ಹೇಳಿದ್ರೂ ಒಂದ, ಬಿಟ್ರೂ ಒಂದ. ಹೇಳು.”

ವಾಸಂತಿ ಎಲ್ಲವನ್ನೂ ಹೇಳಿದಳು. ಚೀಲ, ಡಾರ್ಲಿಂಗ್ ಅಂದ ಹೆಂಗಸು, ತಾರದ ಹಾಲು, ಒಬ್ಬನೇ ಕೂತು ನಗುವುದು. “ಇಷ್ಟು ಮಂದಿಗೆ ಔಷಧ ಬರಕೊಟ್ಟ ಮನಷ್ಯಾ, ನೂರ್. ತಂದು ಹೊಂದಿಸಿಡ್ತಾರ. ಮತ್ತ ಹೋಗಿ ಅದನ್ನ ತರತಾರ.”

ನೂರ್‌ಜಹಾನ್ ಕೇಳಿದಳು. “ಯಾವ ಕ್ಯಾಸೆಟ್ ಅಂದಿ? ಹೆಬ್ಬಾತಿಂದು?”

“ಹೂಂ. ಮೂರನೇದು.”

“ಅಯ್ಯ ಅಲ್ಲಾ. ಮೂರನೇದು ನಮ್ಮ ಮನ್ಯಾಗ ಐತಲ್ಲ. ನಿಮ್ದ ಅದು.”

“ನಮ್ಮದು ನಾ ಅಂಗಡಿಗೆ ಕೊಟ್ಟೀನಿ.”

“ನೀ ಕೊಟ್ಟಿದ್ದು ಬರೇ ಡಬ್ಬಿ ಇರಬೇಕು. ನಮ್ಮ ಹುಡುಗ ಅಫ್ನಾನ್ ಅದರಾಗ ತನ್ನ ಕಾರ್ ರೇಸಿಂದು ಹಾಕಿ ನಿನಗ ತಿರುಗಿ ಕೊಟ್ಟಿದ್ದ. ನನಗ ಆಮ್ಯಾಲೆ ಗೊತ್ತಾತು. ಕೊಡಬೇಕಂದ್ರ ಅವಾ, ಯುಸ್ರಾ ಇಬ್ರೂ ಬಿಡಲಿಲ್ಲ. ಆ ಅಜ್ಜಿ ಕತಿ ಬೇಕಂತ ಅಳತಿದ್ವು.”

“ಯಾವ ಅಜ್ಜಿ?”

“ನಿಮ್ಮವ್ವ. ಹೆಬ್ಬಾತಿನ ಮೊದಲನೇ ಕತಿ ಮುಗದ ಮ್ಯಾಲೆ ಬರ್ತಾರಲ್ಲ, ಕೂಸಿಗೆ ನೀರು ಹಾಕೋದು. ಅಫ್ನಾನ್ ಅಂತೂ ಅದೂ ಪಂಬಲ್ಸ್ ಶೆಡ್ಡಿಂದೇ ಅನ್ಕೊಂಡಿದ್ದ. ಸಾಲ್ಯಾಗ ಹುಡುಗರ ಜೋಡಿ ಜಗಳ. ಪಂಬಲ್ಸ್ ಶೆಡ್‌ನ್ಯಾಗ ಸೀರಿ ಉಟ್ಟ ಅಜ್ಜಿ ಬರ್ತಾಳ ಅಂತ ಇವ, ಬರಂಗಿಲ್ಲ ಅಂತ ಅವರು. ಟೀಚರ್ ನನ್ನ ಕರಿಸಿದ್ರು. ನಾ ಏನ್ ಹೇಳ್ಲಿ? ನೀನ ರೆಕಾರ್ಡ್ ಮಾಡ್ಸಿದ್ದಿ, ನಿನಗ ಗೊತ್ತೈತಿ ಅನ್ಕೊಂಡಿದ್ದೆ. ವಾಸಂತಿ? ಅದೀಯಿಲ್ಲ?”

ವಾಸಂತಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು.

ಅಮೂಲ್ಯಾ ಹುಟ್ಟಿದ ತಿಂಗಳು ಪ್ರಭಾಕರ ಆಸ್ಪತ್ರೆಯ ಡ್ಯೂಟಿಯ ಸರದಿಯಲ್ಲಿದ್ದ. ಬಚ್ಚಲಿನಲ್ಲಿ ಮಗುವನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದಾಗ ಆಸ್ಪತ್ರೆಯ ಪೇಜರ್ ಕೂಗಿತು. ಕ್ಯಾಮೆರಾವನ್ನು ವಾಷಿಂಗ್ ಮೆಷೀನಿನ ಮೇಲಿಟ್ಟು ಫೋನಿಗೆ ಓಡಿದ. ಕ್ಯಾಮೆರಾ ತಾನೇ ಓಡುತ್ತಿತ್ತು. ಅವ್ವ ಒಳಗೆ ಬಂದು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಕಾಲು ಚಾಚಿ ಕೂತಳು. ಎರೆಯುವುದು ಮುಗಿಯುವವರೆಗೆ ಅದು ಎಲ್ಲವನ್ನೂ ನೋಡಿತು. ಸಂಜೆ ಮಗುವಿನ ಚಿತ್ರ ನೋಡೋಣವೆಂದು ಅಡಿಗೆಮನೆಯಿಂದ ಬಂದ ಅವ್ವ ಟಿವಿಯ ತುಂಬ ತನ್ನ ಬರಿಗಾಲು ಕಂಡು ಸೆರಗು ಬಾಯಿಗೆ ಹಿಡಿದಳು. “ಒರಸಿ ಬಿಡ್ರಿ. ನಮ್ಮ ಮಗಳೂ ನೋಡಬಾರದು” ಎಂದಳು. ಒರೆಸಿದೆ ಎಂದು ಅಳಿಯ ಹೇಳಿದ. ಅದನ್ನು ಅವ್ವ ಆಮೇಲೆ ವಾಸಂತಿಗೆ ತಾನೇ ಹೇಳಿ ನಕ್ಕಿದ್ದಳು. ಊರಿಗೆ ಹೋದ ಎರಡನೇ ವರ್ಷ ತೀರಿಕೊಂಡಳು.

ಒರೆಸಿರಲಿಲ್ಲ. ಆಗ ಅವರ ಬಳಗದಲ್ಲಿ ಕ್ಯಾಸೆಟ್ಟುಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಗೆಳತಿ ಸುಚೇತಾಳ ಮನೆಯ ನಾಮಕರಣದ ಕ್ಯಾಸೆಟ್ಟಿನ ಮೇಲೆ ಯಾರೋ ಕ್ರಿಕೆಟ್ ರೆಕಾರ್ಡ್ ಮಾಡಿ ತುಂಬಿದ್ದರು. ಅಂಗಡಿಯಿಂದ ತಂದ ಕ್ಯಾಸೆಟ್ಟಿನ ಮೇಲೆ ಮಾತ್ರ ಯಾರೂ ತುಂಬುತ್ತಿರಲಿಲ್ಲ. ಅದರ ಮೂಲೆಯ ತೂತಿಗೆ ಸೆಲೋಟೇಪ್ ಹಚ್ಚಿದರೆ ತುಂಬಬಹುದು ಎಂದು ಪ್ರಭಾಕರನಿಗೆ ಕಲಿಸಿದವನು ಹನೀಫನೇ. ಅಮೂಲ್ಯಾ ಹೆಬ್ಬಾತು ನೋಡುವುದು ಬಿಟ್ಟ ಮೇಲೆ ಅವನು ಅವ್ವನನ್ನು ಅದರ ಮೂರನೇ ಕ್ಯಾಸೆಟ್ಟಿನ ನಡುವೆ ಬಚ್ಚಿಟ್ಟಿದ್ದ. ತುಂಬಿದ ಮೇಲೆ ಟೇಪ್ ಕಿತ್ತಿದ್ದರೆ ಹೊರಗೆ ಗುರುತು ಎಲ್ಲಿರುತ್ತದೆ? ಅದಕ್ಕೇ ಚಾರಿಟಿ ಅಂಗಡಿಯ ಆ ‘ಡಾರ್ಲಿಂಗ್’ ಹೆಂಗಸು ಎತ್ತಿಟ್ಟ ಪ್ರತಿಯೊಂದನ್ನೂ ಹಾಕಿ ನೋಡಬೇಕು. ಹೆಬ್ಬಾತಿನ ಮೊದಲ ಕತೆ ಮುಗಿಯುವವರೆಗೆ ಕಾಯಬೇಕು.

ಸಂಜೆ ಅವಳು ಅಂದಳು. “ನಾಳೆ ಶೆಫೀಲ್ಡಿಗೆ ಹೋಗೂಣು. ನೂರ್ ಕರದಾಳ.”

ಪ್ರಭಾಕರ ಪೇಪರನ್ನು ಮಡಿಸಿದ. “ಯುಸ್ರಾ ಇರ್ತಾಳಾ?”

“ರಜಾ ಐತಂತ ಆಕಿಗೆ.”

“ಹಾಂ,” ಎಂದ. ಮರುದಿನ ಮೋಟಾರ್‌ವೇಯಲ್ಲಿ ಡರ್ಬಿ ದಾಟಿದರು. ಆಮೇಲೆ ಪ್ರಭಾಕರ ಸ್ಟಿಯರಿಂಗ್ ಹಿಡಿದುಕೊಂಡೇ ಶುರು ಮಾಡಿದ. “ನೂರು. ತೊಂಬತ್ಮೂರು. ಎಂಬತ್ತಾರು. ಎಪ್ಪತ್ತೊಂಬತ್ತು.”

“ಏನದು?”

“ಏಳೇಳು ಕಳೀತಿದೀನಿ. ಮರೆವಿನ ಪರೀಕ್ಷೇಲಿ ಯುಸ್ರಾ ಕೇಳ್ತಾಳೆ. ಆಮೇಲೆ ಗಡಿಯಾರದ ಚಿತ್ರ ಬರೆಸ್ತಾಳೆ. ನಾನೇ ಎಷ್ಟು ಜನಕ್ಕೆ ಬರೆಸಿದೀನಿ.” ಮುಂದಿನ ಲಾರಿಯನ್ನು ದಾಟಿದ. “ನನ್ನ ಹೆಂಡ್ತಿ ವಾರ ಯಾವುದು ಅಂತ ಕೇಳಿದಾಗ್ಲೇ ಗೊತ್ತಾಗ್ಬೇಕಿತ್ತು.”

“ರಸ್ತೆ ನೋಡ್ಕೊಂಡ ನಡಸ್ರಿ,” ಎಂದಳು ವಾಸಂತಿ. ಅಷ್ಟು ದಿನ ಅವನು ಅವಳಿಂದ ಮುಚ್ಚಿಟ್ಟದ್ದಕ್ಕೆ ಶೆಫೀಲ್ಡಿನವರೆಗೆ ಅವನೂ ಸಂಶಯದಲ್ಲಿ ಬೇಯಲಿ ಎಂದು ಕ್ಯಾಸೆಟ್ಟಿನ ಸುದ್ದಿ ಎತ್ತಲಿಲ್ಲ. ಅವನು ಎಪ್ಪತ್ತೆರಡಕ್ಕೆ ಬಂದು ಅಲ್ಲೇ ನಿಂತ. ಬೇಜಾರಿಗೋ, ಹೆದರಿಕೆಗೋ ಹೇಳಲು ಬರುವಂತಿರಲಿಲ್ಲ.

ಹನೀಫ್ ಯಾವುದನ್ನೂ ಎಸೆಯುವ ಮನುಷ್ಯನಲ್ಲ. ಅವನ ವಿಡಿಯೋ ಪ್ಲೇಯರ್ ಕಿಟಕಿಯ ಕೆಳಗೆ ಒರೆಸಿ ಇಟ್ಟಂತೆ ಹೊಳೆಯುತ್ತಿತ್ತು. ಯುಸ್ರಾ ಚಹಾ ತಂದು ಪ್ರಭಾಕರನ ಪಕ್ಕ ಕೂತಳು. ಅವನು ಅವಳ ಕೈಯಲ್ಲಿ ಪೆನ್ನು ಇದೆಯೇ ಎಂದು ನೋಡಿದ. “ಅಂಕಲ್, ಯು ಓಕೆ?” ಎಂದು ಅವಳು ಕೇಳಿದರೆ “ಇವತ್ತು ಭಾನುವಾರ” ಎಂದ.

ಹನೀಫ್ ಗುಂಡಿ ಒತ್ತಿದ. ಹಾಡು ಬಂತು. ಹೆಬ್ಬಾತು ಬಂತು. ಪ್ರಭಾಕರ ಕಪ್ಪನ್ನು ತಟ್ಟೆಗೆ ಇಟ್ಟ. ಅವನು ಒಮ್ಮೆ ನೂರ್‌ಜಹಾನಳನ್ನು, ಒಮ್ಮೆ ವಾಸಂತಿಯನ್ನು ನೋಡಿದ. ಈ ಸಲ ಹೆಬ್ಬಾತು ಮೂಗು ಹಿಡಿದಾಗ ಅವನು ನಗಲಿಲ್ಲ.

ಪರದೆಯ ಮೇಲೆ ಬಿಳಿ ಗೆರೆಗಳು ಓಡಿದವು. ವುಲ್ವರ್‌ಹ್ಯಾಂಪ್ಟನ್ನಿನ ಬಚ್ಚಲಿನ ಹಸಿರು ಟೈಲು. ಎರಡು ಚಾಚಿದ ಕಾಲು. ಅವುಗಳ ಮೇಲೆ ಎಣ್ಣೆ ಮೆತ್ತಿದ, ಕೆಂಪಗೆ ಅಳುತ್ತಿರುವ ಬೊಗಸೆಯಷ್ಟು ಅಮೂಲ್ಯಾ.

“ಅಳವ್ವ, ಅಳು,” ಎಂದಿತು ಅವ್ವನ ದನಿ. “ಅತ್ತರ ಎದಿ ಗಟ್ಟಿ ಆಗತೈತಿ. ನಿಮ್ಮವ್ವನೂ ಹಿಂಗ ಅಳತಿದ್ಲು, ಊರು ಕೂಡಿಸ್ತಿದ್ಲು.”

ವಾಸಂತಿ ಕಣ್ಣು ಒರೆಸಿಕೊಳ್ಳಲು ಹೋಗಲಿಲ್ಲ. ಒರೆಸಿಕೊಂಡರೆ ಅಷ್ಟು ಹೊತ್ತು ನೋಡುವುದು ತಪ್ಪುತ್ತದೆ. ಅವ್ವ ಎಡಗೈಯನ್ನು ಮಗುವಿನ ಹಣೆಗೆ ಸೂರಿನಂತೆ ಹಿಡಿದಿದ್ದಳು. ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ವಾಸಂತಿ ಸೋಫಾದಿಂದ ಜಾರಿ ಕಾರ್ಪೆಟ್ಟಿನ ಮೇಲೆ ಕೂತು, ಕಾಲು ಚಾಚಿ, ನೂರ್‌ಜಹಾನಳ ಮೆತ್ತೆದಿಂಬನ್ನು ಬೋರಲು ಹಾಕಿಕೊಂಡು ತನ್ನ ಎಡಗೈಯನ್ನು ಹಾಗೆ ಹಿಡಿದಳು.

“ನೀನೇ ಕೈಯಾರೆ ಅಂಗಡಿಗೆ ಕೊಟ್ಟೆ ಅಂತ ಹೇಗೆ ಹೇಳ್ಲಿ?” ಹಿಂದಿನಿಂದ ಪ್ರಭಾಕರ ಮೆಲ್ಲಗೆ ಅಂದ. “ಸಿಕ್ಕಿದ ಮೇಲೆ ಹೇಳೋಣ ಅಂತಿದ್ದೆ.”

“ಸುಮ್ನಿರ್ರಿ, ಅವ್ವ ಮಾತಾಡಾಕತ್ಯಾಳ.”

ಪರದೆಯಲ್ಲಿ ಅವ್ವ ತಂಬಿಗೆ ಕೆಳಗಿಟ್ಟು ಬಾಗಿಲ ಕಡೆ ಕತ್ತು ತಿರುಗಿಸಿದಳು. “ಯಾರದಾರ ಅಲ್ಲೆ? ಬಾಗಲಾ ಹಾಕ್ರಿ. ಕೂಸಿಗೆ ಗಾಳಿ ಬಡಿತೈತಿ.”

ಪ್ರಭಾಕರ ಎದ್ದ. ಹೋಗಿ ನೂರ್‌ಜಹಾನಳ ನಡುಮನೆಯ ಬಾಗಿಲು ಹಾಕಿ, ಬಂದು ಕೂತ. ಯುಸ್ರಾ ಅವನನ್ನೇ ನೋಡಿ, ಆಮೇಲೆ ವಾಸಂತಿಯ ಮುಖ ನೋಡಿದಳು. ವಾಸಂತಿ ದಿಂಬಿನ ಮೇಲಿನ ಕೈ ತೆಗೆಯದೆ, ಇನ್ನೊಮ್ಮೆ ಮೊದಲಿನಿಂದ ಹಾಕು ಎಂದು ಹನೀಫನಿಗೆ ಸನ್ನೆ ಮಾಡಿದಳು.