ಹಿಂದಕ್ಕೆ ನಡೆಯುವ ಮೆರಿನ್

ಮೆರಿನ್ ಟ್ರೆಝೀಸ್ ತನ್ನ ಜನ್ಮದಲ್ಲಿ ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು ಎಂದರೆ ಮೆಲ್ಬರ್ನಿನಾಚೆಯ ನಮ್ಮ ಕ್ಯಾಸಲ್‌ಮೇನ್ ಊರಿನಲ್ಲಿ ಯಾರೂ ಅದನ್ನು ಉತ್ಪ್ರೇಕ್ಷೆ ಎನ್ನಲಾರರು. ಕಣ್ಣಿಗೊಂದು ಚಿತ್ತಾರ ಬಿದ್ದರೆ ಸಾಕು, ಅದು ಕಿಟಕಿಯ ಪರದೆಯಾಗಲಿ, ಮೇಜಿನ ಹೊದಿಕೆಯಾಗಲಿ, ಪರಿಚಯವೇ ಇಲ್ಲದ ಹೆಂಗಸಿನ ಫ್ರಾಕಾಗಲಿ, ಅವಳು ಎಡಗಣ್ಣನ್ನು ಅರೆಮುಚ್ಚಿ, ಕುತ್ತಿಗೆಯನ್ನು ಕೊಂಚ ವಾಲಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯತೊಡಗುತ್ತಾಳೆ. ಬೆನ್ನ ಹಿಂದೆ ಗೋಡೆಯಿದೆಯೋ ಮನುಷ್ಯರಿದ್ದಾರೋ ಎಂಬ ಪರಿವೆಯೇ ಇರುವುದಿಲ್ಲ. ಒಂದು ಶನಿವಾರ ಬೇಕರಿಯಲ್ಲಿ ಹೀಗೆ ಸರಿಯುತ್ತ ಸರಿಯುತ್ತ ಬಂದು, ನನ್ನ ಕೈಯಲ್ಲಿದ್ದ ಬಿಸಿಬಿಸಿ ಪೈಯನ್ನು ನನ್ನದೇ ಅಂಗಿಗೆ ಮೆತ್ತಿಸಿದವಳು, ಕ್ಷಮೆ ಕೇಳುವುದು ಹಾಗಿರಲಿ, ತಿರುಗಿಯೂ ನೋಡದೆ, "ಶ್ರೀಪೋ, ಆಯಮ್ಮನ ಫ್ರಾಕ್ ನೋಡೋ. ಗುಲಾಬಿ ಎಲ್ಲಾ ಎಡಕ್ಕೇ ವಾಲಿವೆ. ಪಾಪ, ಗಾಳಿಗೆ ಸಿಕ್ಕಿಹಾಕ್ಕೊಂಡ ಹಾಗಿದಾಳೆ," ಎಂದಳು. ಶ್ರೀಪಾದ ಎಂಬ ನನ್ನ ಹೆಸರು ಈ ಊರಿನವರ ಬಾಯಲ್ಲಿ ಸವೆದು ಶ್ರೀಪೋ ಆಗಿ ಎಷ್ಟೋ ವರ್ಷಗಳಾದವು. ಅಂಗಿಯ ಕಲೆ ಮಾತ್ರ ಇನ್ನೂ ಹೋಗಿಲ್ಲ.

ಹಳೆಯ ಉಣ್ಣೆ ಗಿರಣಿಯ ಕಟ್ಟಡದಲ್ಲಿ ನಮ್ಮ ಕೋಣೆಗಳು ಅಕ್ಕಪಕ್ಕ. ನಾನು ಚಿತ್ರಗಳಿಗೆ ಕಟ್ಟು ಹಾಕುವವನು. ಆಚೆ ಬದಿಯ ನರೆಲ್ ಮಣ್ಣಿನ ಬಟ್ಟಲುಗಳನ್ನು ಮಾಡುವವಳು. ನಡುವೆ ಮೆರಿನ್, ಯಾರ ಸಂಬಳದಾಳೂ ಅಲ್ಲದೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತ, ಬಟ್ಟೆಗಳಿಗೆ ಚಿತ್ತಾರ ಹೆಣೆಯುತ್ತ ಬದುಕುವವಳು. ಅವಳ ಮೈಮೇಲೆ ಸದಾ ಬೂದುಬಣ್ಣದ ಒಂದು ಉದ್ದನೆಯ ಕೋಟು. ಅದು ಅವಳ ತಾಯಿ ಥೆಲ್ಮಾ ಇದೇ ಗಿರಣಿಯಲ್ಲಿ, ಮಗ್ಗದಿಂದಿಳಿದ ಬಟ್ಟೆಯ ಎಳೆತಪ್ಪುಗಳನ್ನು ಸೂಜಿಯಿಂದ ಸರಿಪಡಿಸುತ್ತಿದ್ದ ಕಾಲದಲ್ಲಿ ತೊಟ್ಟ ಕೋಟು. ಅದರ ಅಂಚಿನುದ್ದಕ್ಕೂ ಮೆರಿನ್ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಕಚ್ಚಿಸಿಕೊಂಡಿರುತ್ತಾಳೆ. ನಡೆದರೆ ಅವು ಒಂದಕ್ಕೊಂದು ತಾಗಿ ಕಟಕಟ ಸದ್ದು ಮಾಡುತ್ತವೆ. ಬೆಕ್ಕಿಗೆ ಗಂಟೆ ಕಟ್ಟಿದ ಹಾಗೆ, ಅವಳೆಲ್ಲಿದ್ದಾಳೆಂದು ಇಡೀ ಗಿರಣಿಗೆ ಗೊತ್ತಾಗುವುದು ಆ ಸದ್ದಿನಿಂದಲೇ.

ಈ ಕ್ಲಿಪ್ಪುಗಳು ಅಲಂಕಾರಕ್ಕಲ್ಲ. ಯಾರೋ ಬೇಡವೆಂದು ರಸ್ತೆಬದಿಗೆ ಇಟ್ಟಿದ್ದ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವ, ಕೊಡೆಯಂತೆ ನಾಲ್ಕು ತೋಳು ಚಾಚಿ ಗಿರ್ರನೆ ತಿರುಗುವ ಕಬ್ಬಿಣದ ಕಂಬವೊಂದನ್ನು ಅವಳು ಹೊತ್ತು ತಂದು, ತನ್ನ ಕೋಣೆಯ ನಟ್ಟನಡುವೆ ನೆಟ್ಟಿದ್ದಾಳೆ. ನಾಲ್ಕು ತೋಳಿಗೆ ನಾಲ್ಕು ಋತು. ಒಪ್ಪಿಕೊಂಡ ಒಂದೊಂದು ಕೆಲಸಕ್ಕೂ ಒಂದೊಂದು ಬಟ್ಟೆಚೂರು, ಅದನ್ನು ಮುಗಿಸಿಕೊಡಬೇಕಾದ ಋತುವಿನ ತಂತಿಯಲ್ಲಿ. ಪ್ರತಿ ಸೋಮವಾರ ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು, ಕಂಬವನ್ನು ಭುಜದಿಂದ ಒಂದಿಷ್ಟೇ ನೂಕುತ್ತಾಳೆ. ಅದು ಕಿರ್ರೆಂದು ನರಳಿ ಒಂದು ವಾರ ಮುಂದೆ ಸರಿಯುತ್ತದೆ. ಕ್ಲಿಪ್ಪುಗಳು ಮುಗಿದವೋ, ಹೊಸ ಕೆಲಸ ಇಲ್ಲ. ದೇವರೇ ಬಂದು ಬಾಗಿಲು ತಟ್ಟಿದರೂ ಇಲ್ಲ. ಬಟ್ಟೆಯ ಲೋಕ ಆರು ತಿಂಗಳು ಮುಂದೆ ಓಡುವುದರಿಂದಲೂ, ಗಿರಾಕಿಗಳಲ್ಲಿ ಅರ್ಧ ಜನ ಋತುಗಳು ನಮಗೆ ತಲೆಕೆಳಗಾದ ಉತ್ತರ ಗೋಲಾರ್ಧದವರಾದ್ದರಿಂದಲೂ, ಹೊರಗೆ ಕೆಂಡದಂಥ ಬೇಸಗೆಯಲ್ಲಿ ನೊಣ ಓಡಿಸಿಕೊಳ್ಳುತ್ತ ಅವಳು ಹಿಮದ ಹರಳುಗಳನ್ನೂ ಸ್ವೆಟರು ತೊಟ್ಟ ಕರಡಿಗಳನ್ನೂ ಬರೆಯುತ್ತಿರುವುದು ನಮಗೆಲ್ಲ ವಾಡಿಕೆಯ ದೃಶ್ಯ.

ಪ್ರತಿ ತೋಳಿನ ತುದಿಯಲ್ಲೂ ಒಂದು ಕ್ಲಿಪ್ಪು ಖಾಲಿ ನೇತಾಡುತ್ತಿರುವುದನ್ನು ಗಮನಿಸಿ, ಇದ್ಯಾಕೆ ಎಂದು ಒಮ್ಮೆ ಕೇಳಿದೆ.

"ಅದು ನನ್ನ ದಡ್ಡತನಕ್ಕೆ ಕಣೋ," ಎಂದಳು. "ಅದೂ ತಪ್ಪದೆ ಬರತ್ತಲ್ಲ. ಬಂದಾಗ ಕೂತ್ಕೊಳ್ಳೋಕೆ ಜಾಗ ಬೇಡ್ವಾ?"

ನಾನು ಜೋರಾಗಿ ನಕ್ಕೆ. ನನ್ನ ದಡ್ಡತನ ಎಂದೂ ಜಾಗ ಕೇಳಿ ಬಂದದ್ದಿಲ್ಲ. ಬಂದು ನೇರ ಹಾಸಿಗೆಯ ಮೇಲೇ ಮಲಗುತ್ತದೆ.

ಇವೆಲ್ಲದರ ನಡುವೆ ಕೆಂಪು ಕ್ಲಿಪ್ಪೊಂದಿತ್ತು. ಅದು ಅವಳ ಸ್ವಂತದ್ದು. ರೈಲುಹಳಿಯ ಪಕ್ಕ ಹುಚ್ಚಾಪಟ್ಟೆ ಬೆಳೆಯುವ ಕಾಡುಸೋಂಪು, ಹುಳಿಸೊಪ್ಪು, ಮುಳ್ಳುಗಿಡ, ಊರವರೆಲ್ಲ ಶಪಿಸಿ ಕಿತ್ತೆಸೆಯುವ ಕಳೆಗಳನ್ನೇ ಹೆಣೆದು ಒಂದು ಚಿತ್ತಾರ ಮಾಡಿ, ತನ್ನ ಹೆಸರಿನಲ್ಲಿ ಬಟ್ಟೆ ಅಚ್ಚು ಹಾಕಿಸಬೇಕೆಂಬುದು ಅವಳ ಆಸೆ. ದೇಶದ ಅದೆಷ್ಟು ಮನೆಗಳ ಹಾಸಿಗೆಯ ಮೇಲೆ ಅವಳು ಬರೆದ ಎಲೆಗಳಿವೆಯೋ; ಒಂದರಲ್ಲೂ ಅವಳ ಹೆಸರಿಲ್ಲ. ಆದರೆ ಪ್ರತಿ ಸಲ ಯಾರದೋ ಅವಸರದ ಕೆಲಸ ಬಂದು, ಕೆಂಪು ಕ್ಲಿಪ್ಪು ಮುಂದಿನ ತೋಳಿಗೆ ಜಿಗಿಯುತ್ತಿತ್ತು. "ಸುತ್ತಿ ಸುತ್ತಿ ಅದಕ್ಕೆ ತಲೆಸುತ್ತು ಬಂದಿರ್ಬೇಕು ಕಣೇ, ಇಳಿಸೇ ಪಾಪ," ಎಂದು ನರೆಲ್ ರೇಗಿಸುತ್ತಿದ್ದಳು.

ಹೋದ ವರ್ಷ ಥೆಲ್ಮಾ ಅವರ ಕಣ್ಣಿನ ನಟ್ಟನಡುವೆ ಮಬ್ಬು ಕವಿಯಿತು. ನೇರ ನೋಡಿದ್ದು ಕಾಣದು. ಓರೆಯಾಗಿ ನೋಡಿದರೆ ಒಂದಿಷ್ಟು ಕಂಡೀತು, ಅದೂ ಬರುವ ವರ್ಷದ ಮಾತು ಹೇಳಲಾಗದು ಎಂದರು ವೈದ್ಯರು. ಮರುದಿನ ಮೆರಿನ್ ಕೆಂಪು ಕ್ಲಿಪ್ಪನ್ನು ವಸಂತದ ತೋಳಿಗೆ, ಗಿರಣಿಯ ಬಾಗಿಲುಗಳನ್ನೆಲ್ಲ ನಾವು ಊರಿಗೆ ತೆರೆದಿಡುವ ದಿನದ ಜಾಗಕ್ಕೆ ಕಚ್ಚಿಸಿ, ನಮ್ಮಿಬ್ಬರನ್ನೂ ಕರೆದು ತೋರಿಸಿದಳು. "ಅಮ್ಮ ಇದನ್ನ ಕಣ್ಣಾರೆ ನೋಡ್ಬೇಕು. ಇನ್ನಿದು ಜಿಗಿಯಲ್ಲ."

ಅದನ್ನು ಪರೀಕ್ಷಿಸಲೆಂದೇ ಎಂಬಂತೆ ಸಿಡ್ನಿಯಿಂದ ಹಾಸಿಗೆಬಟ್ಟೆಯ ದೊಡ್ಡ ಕಂಪನಿಯೊಂದರ ಫೋನು ಬಂತು. ಅವಳು ಅದೆಷ್ಟೋ ಕಾಲದಿಂದ ಹಂಬಲಿಸಿದ್ದ ಗಿರಾಕಿ. ಕೆಲಸವೂ ದೊಡ್ಡದು, ಆದರೆ ಅದೇ ವಸಂತಕ್ಕೆ ಬೇಕು. ಮೆರಿನ್ ಫೋನು ಹಿಡಿದೇ ಹಿಂದಕ್ಕೆ ಸರಿಯುತ್ತ ಸರಿಯುತ್ತ, ಬೆನ್ನು ಗೋಡೆಗೆ ತಾಗಿದಾಗ ನಿಂತು, "ಬೇಸಗೆಗಾದ್ರೆ ಮಾಡಿಕೊಡ್ತೀನಿ. ವಸಂತಕ್ಕೆ ಆಗಲ್ಲ," ಎಂದಳು. ಅತ್ತಲಿಂದ ಏನೋ ಹೇಳಿದರು. "ಇಲ್ಲ, ಯೋಚನೆ ಮಾಡಿಯೇ ಹೇಳ್ತಿರೋದು," ಎಂದು ಇಟ್ಟುಬಿಟ್ಟಳು.

"ತಲೆ ನೆಟ್ಟಗಿದೆಯಾ ಮಾರಾಯ್ತಿ? ಇಂಥವರು ಎರಡನೇ ಸಲ ಕೇಳ್ತಾರಾ?" ಎಂದು ನಾನು ಕೂಗಾಡಿದೆ.

"ಕೇಳ್ದೆ ಇರಬಹುದು," ಎಂದಳು. ಮುಖ ಬಿಳಿಚಿತ್ತು, ದನಿ ಮಾತ್ರ ಅಲುಗಲಿಲ್ಲ. "ಅಮ್ಮನ ಕಣ್ಣೂ ಎರಡನೇ ಸಲ ಕೇಳಲ್ಲ ಕಣೋ."

ಆ ಚಳಿಗಾಲವೆಲ್ಲ ಅವಳು ಕಳೆಗಿಡಗಳೊಡನೆಯೇ ಕಳೆದಳು. ಅವಳ ಕಸುಬಿನ ಗುಟ್ಟೆಂದರೆ, ಒಂದು ಚೌಕದೊಳಗೆ ಬರೆದ ಚಿತ್ರ ಬಟ್ಟೆಯುದ್ದಕ್ಕೂ ಮರಳಿ ಮರಳಿ ಬಂದರೂ, ಎಲ್ಲಿ ಒಂದು ಚೌಕ ಮುಗಿದು ಇನ್ನೊಂದು ಶುರುವಾಯಿತೆಂಬ ಬೆಸುಗೆ ಕಾಣಬಾರದು. ಕೊನೆಗೆ ಮೆಲ್ಬರ್ನಿನಲ್ಲಿ ಅಚ್ಚಾದ ಬಟ್ಟೆ ಬಂತು. ಗಿರಣಿಯ ಎತ್ತರದ ಗೋಡೆಗೆ ಅದನ್ನು ಇಳಿಬಿಟ್ಟಾಗ ನಾನೂ ನರೆಲ್ಲೂ ಚಪ್ಪಾಳೆ ತಟ್ಟಿದೆವು. ಮೆರಿನ್ ತಟ್ಟಲಿಲ್ಲ. ಎಡಗಣ್ಣು ಅರೆಮುಚ್ಚಿ ಹಿಂದೆ ಸರಿದಳು, ಬಾಗಿಲು ದಾಟಿದಳು, ಅಂಗಳಕ್ಕಿಳಿದಳು, ಅಲ್ಲಿ ನೀಲಗಿರಿ ಮರಕ್ಕೆ ಬೆನ್ನು ತಾಗಿ ನಿಂತಳು. ಕ್ಲಿಪ್ಪುಗಳ ಸದ್ದು ನಿಂತಿತು.

"ಬನ್ರೋ ಇಲ್ಲಿ."

ಹೋಗಿ ನೋಡಿದರೆ, ಅಯ್ಯೋ, ಸೋಂಪಿನ ಹೂಗೊಂಚಲುಗಳೆಲ್ಲ ಒಂದೇ ಕಡೆಗೆ ವಾಲಿ, ಒಂದರ ತುದಿಗೆ ಇನ್ನೊಂದು ಸೇರಿ, ಇಡೀ ಬಟ್ಟೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕಾಲುದಾರಿಯೇ ಬಿದ್ದಿತ್ತು. ಹತ್ತಿರದಿಂದ ನೋಡಿದರೆ ಅದರ ಸುಳಿವೇ ಇಲ್ಲ. ಊರಿನ ಫ್ರಾಕುಗಳಲ್ಲೆಲ್ಲ ಈ ತಪ್ಪನ್ನು ಹೆಕ್ಕಿ ತೆಗೆಯುತ್ತಿದ್ದವಳು, ತಿಂಗಳುಗಟ್ಟಲೆ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕೂತು, ತನ್ನದೇ ಚಿತ್ತಾರದಲ್ಲಿ ಅದನ್ನು ಕಾಣದೆ ಹೋಗಿದ್ದಳು.

"ಬಿಡೇ, ಯಾರಿಗೂ ಗೊತ್ತಾಗಲ್ಲ," ಎಂದಳು ನರೆಲ್. ನಾನೂ ಹೂಂಗುಟ್ಟಿದೆ. ಬಾಗಿಲು ತೆರೆಯುವ ದಿನ ಹತ್ತಿರದಲ್ಲೇ ಇತ್ತು.

ಅವಳ ಕಣ್ಣು ತುಂಬಿದ್ದನ್ನು ನಾನು ಕಂಡೆ. ಒಳಗೆ ಹೋದವಳು ಕತ್ತರಿ ತೆಗೆದುಕೊಂಡು, ಆ ಸುಂದರವಾದ ಬಟ್ಟೆಯ ಮೂಲೆಯಿಂದ ಒಂದು ಚೂರನ್ನು ಕತ್ತರಿಸಿ, ವಸಂತದ ತೋಳಿನ ಖಾಲಿ ಕ್ಲಿಪ್ಪಿಗೆ ಸಿಕ್ಕಿಸಿದಳು. "ಬಂತಲ್ಲ ನಮ್ಮ ಅತಿಥಿ. ಕೂತ್ಕೊಳ್ಳಪ್ಪಾ," ಎಂದು ಮೂಗು ಒರೆಸಿಕೊಂಡಳು. ಅಚ್ಚಿನವನ ಹತ್ತಿರವೂ ಮತ್ತೊಮ್ಮೆ ಅಚ್ಚು ಹಾಕುವಷ್ಟು ದಿನಗಳ ಜಾಗವನ್ನು, ಬೇಕಾದರೂ ಆಗಬಹುದೆಂದು, ಮೊದಲೇ ಕೇಳಿಟ್ಟಿದ್ದಳೆಂಬುದು ನಮಗೆ ಆಗ ತಿಳಿಯಿತು.

ಆಮೇಲೆ ಅವಳು ಪರದೆಯತ್ತ ಸುಳಿಯಲಿಲ್ಲ. ಚಿತ್ರವನ್ನು ಕಾಗದದ ಮೇಲೆ ಹೊಸದಾಗಿ ಬರೆದು, ನಾಲ್ಕಾಗಿ ಕತ್ತರಿಸಿ, ಹೊರಗಿನ ಅಂಚುಗಳೆಲ್ಲ ಒಳಕ್ಕೆ ಬರುವಂತೆ ತುಂಡುಗಳನ್ನು ಅದಲುಬದಲು ಮಾಡಿ ಅಂಟಿಸಿ, ನೆಲದ ಮೇಲೆ ಮೊಣಕಾಲೂರಿ, ನಡುವೆ ತೆರೆದುಕೊಂಡ ಬರಿದಾದ ಜಾಗದಲ್ಲಿ ಸೋಂಪಿನ ಕಾಂಡಗಳನ್ನು ಒಂದನ್ನು ಅತ್ತ, ಒಂದನ್ನು ಇತ್ತ ಬಾಗಿಸಿ ತುಂಬಿದಳು. ನಡುನಡುವೆ ಎದ್ದು ಹಿಂದಕ್ಕೆ ನಡೆಯುತ್ತಿದ್ದಳು. ನರೆಲ್ ತನ್ನ ಬಟ್ಟಲುಗಳನ್ನೆಲ್ಲ ಆ ದಾರಿಯಿಂದ ತೆಗೆದಿಟ್ಟಳು.

ಬಾಗಿಲು ತೆರೆದ ದಿನ ಥೆಲ್ಮಾ ಅವರು ಊರಿ ನಡೆಯುವ ಗಾಲಿಯ ಚೌಕಟ್ಟನ್ನು ನೂಕಿಕೊಂಡು, ತಾವು ಯೌವನ ಸವೆಸಿದ ಅದೇ ಗಿರಣಿಯೊಳಗೆ ಬಂದರು. ಮತ್ತೆ ಅಚ್ಚಾಗಿ ಬಂದ ಬಟ್ಟೆ ತೂಗುತ್ತಿದ್ದ ಗೋಡೆಯ ಎದುರು ನಿಂತು, ಹಕ್ಕಿ ನೋಡುವ ಹಾಗೆ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಿಂದ ಬಟ್ಟೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಸವರಿದರು. ಆಮೇಲೆ ಆ ಮುದುಕಿ ಚೌಕಟ್ಟನ್ನು ಎಳೆದುಕೊಳ್ಳುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯತೊಡಗಿದರು. ಮಗಳ ನಡಿಗೆ ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಾಯಿತು.

"ಅಮ್ಮಾ, ಕಾಣ್ತಿದೆಯಾ?"

"ಕಾಣ್ತಿದೆ ಕಣೇ. ನಮ್ಮ ರೈಲುಹಳಿ ಪಕ್ಕದ ಕಳೆ," ಎಂದರು. ಮತ್ತೊಮ್ಮೆ ಮುಖ ಓರೆಯಾಗಿಸಿ ಹುಡುಕಿದರು. "ಬೆಸುಗೆ ಎಲ್ಲೇ? ನಂಗೆ ಸಿಗ್ತಾನೇ ಇಲ್ಲ."

ಮೆರಿನ್ ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತಳು. ನರೆಲ್ ಕೆಂಪು ಕ್ಲಿಪ್ಪನ್ನು ಕಂಬದಿಂದ ಬಿಡಿಸಿ ತಂದು ಥೆಲ್ಮಾ ಅವರ ಸ್ವೆಟರಿನ ಕಾಲರಿಗೆ ಸಿಕ್ಕಿಸಿದಳು.

ದಿನಗಳಿಗೆ ಗೆರೆ ಎಳೆದು, ವಾರಗಳಿಗೆ ಕ್ಲಿಪ್ಪು ಹಾಕಿ ಬದುಕುವವರನ್ನು ಕಂಡರೆ ನನ್ನಂಥ ಅಸ್ತವ್ಯಸ್ತದ ಮನುಷ್ಯರಿಗೆ ಮೊದಲಿಂದಲೂ ಒಂದು ಬಗೆಯ ತಾತ್ಸಾರ. ಇವರ ಎದೆಯಲ್ಲಿ ರಸವಿಲ್ಲ, ಗಡಿಯಾರವಿದೆ ಎಂದು ಹಂಗಿಸಿ ಸುಖಪಡುತ್ತೇವೆ. ಆದರೆ ತಾನು ತಪ್ಪಬಲ್ಲೆ, ತನ್ನವರು ಕಾಯಲಾರರು ಎಂಬ ಎರಡು ಮಾತುಗಳನ್ನು ನಿಜವಾಗಿ ನಂಬಿದವರು ಹೀಗಲ್ಲದೆ ಬೇರೆ ಹೇಗೆ ಬದುಕಿಯಾರು? ಅವರು ತಮ್ಮ ದಡ್ಡತನಕ್ಕೊಂದು ಜಾಗ ಕಾದಿರಿಸಿ, ತೋರಿಸಬೇಕಾದದ್ದನ್ನು ತೋರಿಸಬೇಕಾದವರ ಕಣ್ಣಲ್ಲಿ ಬೆಳಕಿರುವಾಗಲೇ ತೋರಿಸಿ ಮುಗಿಸುತ್ತಾರೆ. ಟೈಮಿದೆ ಬಿಡು ಎನ್ನುವ ನಾವು, ಬಟ್ಟೆ ಹಿಡಿದು ಬರುವಷ್ಟರಲ್ಲಿ, ನೋಡುವವರು ಇರುವುದಿಲ್ಲ.