ಚಿಲಕಗಳು ಬಿದ್ದ ಬೆಳಿಗ್ಗೆ

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಹಿಡಿದಿದ್ದೆ. ರಿಬ್ಬನ್ ನನ್ನ ಹಲ್ಲುಗಳ ನಡುವೆ ಇತ್ತು. ಆಗ ಬೀದಿಯಲ್ಲಿ ಯಾರೋ ಕೂಗಿಕೊಂಡರು. ಅದರ ಹಿಂದೆಯೇ ಇನ್ನೊಂದು ಸದ್ದು ಕೇಳಿಸಿತು: ಮನೆಮನೆಯ ಚಿಲಕಗಳು ಒಂದಾದ ಮೇಲೊಂದು ಬೀಳುತ್ತಿದ್ದ ಸದ್ದು. ಹಗಲು ಹೊತ್ತು ಬಾಗಿಲು ಹಾಕುವ ರೂಢಿಯೇ ಆ ಬೀದಿಯಲ್ಲಿ ಇರಲಿಲ್ಲ.

ನನ್ನ ಮಗಳು ತಾರಿಣಿಗೆ ಆಗ ಎಂಟು ವರ್ಷ. ಅವಳಪ್ಪ ಕೆಲಸದ ಮೇಲೆ ಊರೂರು ತಿರುಗುವವರು, ಮನೆಯಲ್ಲಿದ್ದದ್ದು ನಾವಿಬ್ಬರೇ.

ಕೂಗಿದವರು ಹಿಟ್ಟಿನ ಗಿರಣಿಯ ಕರಿಬಸಪ್ಪ. ಗಿರಣಿ ನಮ್ಮ ಮನೆಯಿಂದ ನಾಲ್ಕು ಬಾಗಿಲು ಆಚೆ. ವಾರಕ್ಕೊಮ್ಮೆ ಗೋಧಿಯ ಡಬ್ಬ ಹೊತ್ತು ಹೋಗುವುದು ತಾರಿಣಿಯ ಕೆಲಸ. ಹುಬ್ಬು, ಮೀಸೆಗೆಲ್ಲ ಹಿಟ್ಟು ಹತ್ತಿಸಿಕೊಂಡ ಅವರು, "ಬಾರಮ್ಮ ಗೋಧಿ ಸಾಹುಕಾರ್ತಿ, ನುಣ್ಣಗೋ ತರಿತರಿಯೋ?" ಎಂದು ಕೇಳುತ್ತಿದ್ದರು. "ಹೇಗಾದ್ರೂ ಬೀಸಿ ತಾತ, ನಮ್ಮಮ್ಮನ ಚಪಾತಿ ಗಟ್ಟಿನೇ ಆಗೋದು" ಎಂದು ಇವಳು ಒಮ್ಮೆ ಹೇಳಿಬಂದದ್ದು ಬೀದಿಗೆಲ್ಲ ನಗೆಯಾಗಿತ್ತು.

ಶಾಲೆಯ ಹಿಂದೆ ಕಳ್ಳಸಾರಾಯಿ ಮಾರುವವನ ಮೇಲೆ ಠಾಣೆಗೆ ಅರ್ಜಿ ಕೊಡುವುದೆಂದು ಬೀದಿಯವರು ಮಾತಾಡಿಕೊಂಡಿದ್ದೆವು. ಎಲ್ಲರೂ ಸಹಿ ಹಾಕಬೇಕಿತ್ತು. ಕಾಗದ ಮನೆಯಿಂದ ಮನೆಗೆ ಹೋಗಿ ಎರಡು ದಿನ ಖಾಲಿಯಾಗಿಯೇ ತಿರುಗಿತು. ಕೊನೆಗೆ ಕರಿಬಸಪ್ಪನವರೇ, "ಎಲ್ಲರ ಹೆಸರೂ ಯಾಕೆ, ನಂದೊಂದು ಸಾಕು ಬಿಡಿ. ಪೊಲೀಸ್ ಠಾಣೆ ಇರೋದು ಯಾತಕ್ಕೆ?" ಎಂದು ಸಹಿ ಹಾಕಿದರು. ನಮಗೆಲ್ಲ ಹಗುರವಾಯಿತು. ಅರ್ಜಿ ಕೊಟ್ಟದ್ದು ಸೋಮವಾರ. ಗುರುವಾರ ಬೆಳಿಗ್ಗೆ ಇಬ್ಬರು ಬೈಕಿನಲ್ಲಿ ಮಚ್ಚು ಹಿಡಿದು ಬಂದರು. ಮುಖ ಮುಚ್ಚಿಕೊಂಡಿರಲಿಲ್ಲ. ಮುಚ್ಚಿಕೊಳ್ಳಬೇಕೆಂದು ಅವರಿಗೆ ಅನ್ನಿಸಿರಲೇ ಇಲ್ಲ.

ಆಸ್ಪತ್ರೆಯ ದಾರಿಯಲ್ಲೇ ಕರಿಬಸಪ್ಪ ತೀರಿಕೊಂಡರು.

ಮಧ್ಯಾಹ್ನ ಇನ್ಸ್‌ಪೆಕ್ಟರು ಒಬ್ಬ ಪೇದೆಯೊಂದಿಗೆ ಮನೆಮನೆಗೆ ಬಂದರು. ಎದುರುಮನೆಯ ಲೀಲಕ್ಕ ಬಚ್ಚಲಲ್ಲಿದ್ದೆ ಎಂದರು. ಮೂಲೆಮನೆಯ ಮೇಷ್ಟ್ರು ರೇಡಿಯೋ ಜೋರಾಗಿತ್ತು ಎಂದರು. ನಮ್ಮ ಬಾಗಿಲಿಗೆ ಬಂದಾಗ ತಾರಿಣಿ ನನ್ನ ಮುಂದೆ ನಿಂತಿದ್ದಳು, ಬೆಳಗಿನ ಅದೇ ಒಂದು ಜಡೆಯಲ್ಲಿ.

"ಏನಾದ್ರೂ ನೋಡಿದ್ರಾ ಅಮ್ಮ?"

"ಇಲ್ಲ ಸಾರ್. ಮಗೂಗೆ ಜಡೆ ಹಾಕ್ತಿದ್ದೆ."

"ಏನಾದ್ರೂ ಕೇಳಿಸ್ತಾ?"

ತಾರಿಣಿ ಬಾಯಿ ತೆರೆದಳು. ನನ್ನ ಕೈ ಅವಳ ಜಡೆಯ ಮೇಲಿತ್ತು. ಯಾರಿಗೂ ಕಾಣದಷ್ಟು ಮೆಲ್ಲಗೆ ಅದನ್ನು ಕೆಳಕ್ಕೆಳೆದೆ. ಅವಳು ಬಾಯಿ ಮುಚ್ಚಿದಳು.

"ಇಲ್ಲ ಸಾರ್" ಎಂದೆ.

ಇನ್ಸ್‌ಪೆಕ್ಟರು ದಣಿದ ಮುಖದಲ್ಲಿ ನನ್ನನ್ನು ನೋಡಿ, "ಈ ಬೀದೀಲಿ ಎಲ್ರಿಗೂ ಅದೇ ಹೊತ್ತಿಗೆ ಕೆಲಸ" ಎಂದು ಮುಂದಿನ ಮನೆಗೆ ನಡೆದರು. ಪೇದೆ ಮಾತ್ರ ಪುಸ್ತಕ ಮಡಚುತ್ತ ನಿಂತ. "ಹೆಣ್ಣುಮಗು ಇರೋ ಮನೆ. ಜೋಪಾನ ಅಮ್ಮ" ಎಂದ. ಅದು ಕಾಳಜಿಯೋ ಎಚ್ಚರಿಕೆಯೋ, ಇಂದಿಗೂ ನನಗೆ ಗೊತ್ತಿಲ್ಲ. ಠಾಣೆಗೆ ಕೊಟ್ಟ ಅರ್ಜಿಯ ಸುದ್ದಿ ಸಾರಾಯಿ ಮಾರುವವನಿಗೆ ಯಾರು ಮುಟ್ಟಿಸಿದರೆಂದೂ ಗೊತ್ತಿಲ್ಲ. ಅದು ಗೊತ್ತಿಲ್ಲದ ಮೇಲೆ ಆ ಇನ್ಸ್‌ಪೆಕ್ಟರನ್ನೂ ಆ ಪೇದೆಯನ್ನೂ ಬೇರೆ ಬೇರೆಯಾಗಿ ನೋಡಲು ನನ್ನಿಂದಾಗಲಿಲ್ಲ.

ನಾನು ನೋಡಿದ್ದೆ. ಕಿಟಕಿಯ ಸಂದಿನಿಂದ ಒಬ್ಬನ ಮುಖ ಚೆನ್ನಾಗಿ ಕಂಡಿತ್ತು. ಅವನು ಸಾರಾಯಿ ಮಾರುವವನ ಭಾಮೈದ.

ಆಮೇಲೆ ಹಾಲಿನವನಿಗೂ ಕಿಟಕಿಯಿಂದಲೇ ಪಾತ್ರೆ ಹಿಡಿದೆ. ಬೈಕಿನ ಸದ್ದಾದರೆ ಒಲೆಯ ಮುಂದೆ ಕೈ ನಿಂತುಬಿಡುತ್ತಿತ್ತು. ಒಗ್ಗರಣೆ ಸೀದು ಹೋದದ್ದು ಎಷ್ಟು ಸಲವೋ. ತಾರಿಣಿ ಆ ದಿನದ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ನಾನು ಬಾಚಣಿಗೆ ಹಿಡಿದರೆ, "ನಾನೇ ಹಾಕ್ಕೋತೀನಿ ಬಿಡು" ಎಂದು ಕೊಸರಿಕೊಳ್ಳುತ್ತಿದ್ದಳು. ಒಂದು ಮೇಲೆ ಒಂದು ಕೆಳಗಾದ ಜಡೆಗಳಲ್ಲೇ ಶಾಲೆಗೆ ಹೋಗುತ್ತಿದ್ದಳು.

ಒಂದು ದಿನ ಲೀಲಕ್ಕ ಕರಿಬೇವು ಕೇಳಲು ಬಂದರು. ನಾನು ಒಳಗಿನಿಂದ ಎರಡು ಸಲ "ಯಾರು?" ಎಂದೆ.

"ನಾನು ಕಣೇ. ಕರಿಬೇವಿಗೆ ಇನ್ಯಾರು ಬರ್ತಾರೆ, ಕಲೆಕ್ಟರಾ?"

ಒಳಗೆ ಬಂದು ಕೂತು ಎಲೆ ಬಿಡಿಸತೊಡಗಿದರು. ಮತ್ತೆ ತಲೆಯೆತ್ತದೆ, "ಅವತ್ತು ನಿನ್ನ ಬಾಗಿಲು ಬಡಿದ ಮೇಲೆ ನನ್ನ ಬಾಗಿಲಿಗೂ ಬಂದ್ರು ಕಣೇ" ಎಂದರು. "ಮೊದ್ಲು ನಿನ್ನ ಹತ್ರ ಬಂದಿದ್ರಲ್ಲ, ನೀನು ತೆಗೀತೀಯ ಅಂದ್ಕೊಂಡೆ."

"ನಾನು ನೀವಾದ್ರೂ ತೆಗೀತೀರಿ ಅಂದ್ಕೊಂಡೆ ಲೀಲಕ್ಕ."

ಹೌದು, ಕರಿಬಸಪ್ಪ ಗಾಯಗೊಂಡು ನಮ್ಮ ಬಾಗಿಲಿಗೆ ಬಂದಿದ್ದರು. ಎಲ್ಲರಂತೆ ನಾನೂ ಓಡಿ ಚಿಲಕ ಹಾಕಿ, ಕಿಟಕಿಯ ಸಂದಿನಲ್ಲಿ ಇಣುಕಿ, ಮತ್ತೆ ಬಂದು ಮಗಳ ಕೂದಲು ಹಿಡಿದು ಕೂತಿದ್ದೆ. ಅವರು ಅಂಗೈಯಿಂದ ಬಡಿದರು. ನನ್ನನ್ನು ಕರೆಯಲಿಲ್ಲ, ಅವಳನ್ನು ಕರೆದರು: "ತಾರೀ, ಬಾಗಿಲು ತೆಗಿ ಪುಟ್ಟ." ಅವಳು ಎದ್ದಳು. ನಾನು ಅವಳನ್ನು ಕೂದಲು ಹಿಡಿದೇ ಕೂರಿಸಿ ಬಾಯಿಗೆ ಕೈ ಒತ್ತಿದೆ. ಅವಳ ಬಿಸಿ ಉಸಿರು ನನ್ನ ಬೆರಳುಗಳಿಗೆ ತಾಗುತ್ತಿತ್ತು. ಇನ್ನೆರಡು ಸಲ ಬಡಿದು, ಹೆಜ್ಜೆ ಎಳೆಯುತ್ತ ಅವರು ಆಚೆ ಹೋದರು.

ಅನುಮಾನದ ಮೇಲೆ ಹಿಡಿದಿದ್ದ ಇಬ್ಬರನ್ನೂ ಸಾಕ್ಷಿಯಿಲ್ಲವೆಂದು ಎರಡು ತಿಂಗಳಲ್ಲಿ ಬಿಟ್ಟರು. ಒಂದು ಮಧ್ಯಾಹ್ನ ಆ ಭಾಮೈದ ಶಾಲೆಯ ಗೇಟಿನ ಎದುರು ಕಡಲೆಕಾಯಿ ಬಿಡಿಸಿ ತಿನ್ನುತ್ತ ನಿಂತಿದ್ದ. ನಮ್ಮ ಕಡೆ ನೋಡಲೂ ಇಲ್ಲ. ಮಗಳ ಕೈ ಹಿಡಿದು ಹಿಂತಿರುಗಿ ನೋಡದೆ ಮನೆ ಸೇರಿದೆ.

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಅವಳನ್ನು ಕೂರಿಸಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಯಾರಾದ್ರೂ ನಿನ್ನ ಕೈ ಹಿಡಿದ್ರೆ ಏನ್ ಮಾಡ್ಬೇಕು ಪುಟ್ಟ?"

"ಓಡ್ಬೇಕು."

"ಓಡೋಕಾಗ್ದಿದ್ರೆ?"

ಕಲ್ಲಿನ ಅಂಚನ್ನು ಉಗುರಿನಿಂದ ಕೆರೆಯತೊಡಗಿದಳು.

"ಕಿರುಚ್ಬೇಕು. ಇಡೀ ಬೀದಿಗೆ ಕೇಳಿಸೋ ಹಾಗೆ. ಎಲ್ಲಿ, ಒಂದ್ಸಲ ಕಿರುಚು ನೋಡೋಣ."

ಅವಳು "ಅಮ್ಮಾ" ಎಂದಳು. ಪಕ್ಕದ ಗೋಡೆಗೂ ಕೇಳಿಸುವಂತಿರಲಿಲ್ಲ.

"ಅಷ್ಟು ಮೆಲ್ಲಗೆ ಅಂದ್ರೆ ಆಗುತ್ತಾ? ಇನ್ನೂ ಜೋರಾಗಿ."

ಅವಳು ಉಸಿರೆಳೆದುಕೊಂಡಳು, ಕಿರುಚುತ್ತಾಳೆ ಎಂದುಕೊಂಡೆ. ಆದರೆ ಎರಡು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದಳು.

"ಕರಿಬಸಪ್ಪ ತಾತ ಜೋರಾಗೇ ಕೂಗಿದ್ರು. ನಾನು ಕಿರುಚಿದ್ರೆ ಯಾರಮ್ಮ ಬಾಗಿಲು ತೆಗೀತಾರೆ?"