ಕಡಲಾಮೆಯ ಮೊಟ್ಟೆ

ಹೊನ್ನಾವರದ ಕಡೆಯ ಸಂರಕ್ಷಿತ ಕಡಲತೀರದಲ್ಲಿ ಆಮೆಗಳ ಗೂಡು ಕಾಯಲು ಸ್ವಯಂಸೇವಕರು ಬೇಕಾಗಿದ್ದರು. ಅರಸೀಕೆರೆಯ ಕಾಲೇಜಿಗೆ ಸಿಕ್ಕಿದ್ದು ಒಂದೇ ಸ್ಥಾನ. ಪ್ರತಿಮಾ ಆಮೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿ ವರ್ಷದಿಂದ ಕಾದಿದ್ದಳು. ಅವಳ ಚಿಕ್ಕಪ್ಪನ ಮಗಳು ಸಿಂಧು ಹೆಸರು ಕೊಟ್ಟಿದ್ದು ಹಿಂದಿನ ದಿನ, ಅದೂ ಸಮುದ್ರ ನೋಡುವ ಆಸೆಗೆ.

ಆಯ್ಕೆಗೆ ಬಂದಿದ್ದ ಮೇಡಂ ಮರಳು ತುಂಬಿದ ಬುಟ್ಟಿಯಲ್ಲಿ ಬಿಳಿ ಚೆಂಡುಗಳನ್ನು ಹುದುಗಿಸಿ, "ಇವೇ ಮೊಟ್ಟೆ ಅಂದ್ಕೊಳ್ಳಿ. ಒಂದೊಂದೇ ಎತ್ತಿ ಬಕೆಟ್ಟಿಗೆ ಇಡಿ," ಎಂದರು.

ಪ್ರತಿಮಾ ಮೊದಲನೆಯದನ್ನು ಎತ್ತಿದಳು. ಕೈ ತಾನಾಗಿಯೇ ಚೆಂಡನ್ನು ಕಿವಿಯ ಬಳಿ ಒಯ್ದು ಅಲ್ಲಾಡಿಸಿತು. ತನ್ನೂರು ಕಣಕಟ್ಟೆಯ ಮನೆಯ ಅಟ್ಟದಲ್ಲಿ ಒಣಹಾಕಿದ ತೆಂಗಿನಕಾಯೊಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಹಾಗೆ ಅಲ್ಲಾಡಿಸಿ ಕೇಳುತ್ತಲೇ ಬೆಳೆದವಳು ಅವಳು.

"ಅಯ್ಯೋ, ಒಳಗಿನ ಮರಿ ಸತ್ತೇ ಹೋಯ್ತಲ್ರೀ!" ಎಂದರು ಮೇಡಂ. ಆಮೆಯ ಮೊಟ್ಟೆಯನ್ನು ಕುಲುಕಬಾರದೆಂದು ಪ್ರತಿಮಾಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೈ ಕೇಳಿರಲಿಲ್ಲ.

ದೂಳೆಂದು ಮೂಗು ಮುರಿದು ಅಟ್ಟದ ಏಣಿಯನ್ನೇ ಹತ್ತದ ಸಿಂಧು, ಚೆಂಡುಗಳನ್ನೆಲ್ಲ ಮೆಲ್ಲಗೆ ಎತ್ತಿಟ್ಟು ಆಯ್ಕೆಯಾದಳು.

"ಅಜ್ಜಿ ಕೇಳಿದ್ರೆ ಬಿದ್ದು ಬಿದ್ದು ನಗುತ್ತೆ ಕಣೇ," ಎಂದು ಊರಿನ ಬಸ್ಸಿನಲ್ಲಿ ಸಿಂಧು ಕಿಚಾಯಿಸಿದಳು. "ಆಮೆ ಮೊಟ್ಟೇಲೂ ಕೊಬ್ಬರಿ ಹುಡುಕಿದ್ಯಲ್ಲ! ದಿನಾ ಫೋಟೊ ಕಳಿಸ್ತೀನಿ, ಬಿಡು."

"ಕಳ್ಸು," ಎಂದು ಪ್ರತಿಮಾ ಕಿಟಕಿಯತ್ತ ತಿರುಗಿದಳು. ಈ ಸಲ ಒಂದು ಆಮೆಯೂ ಆ ದಡ ಹತ್ತದಿರಲಿ ಎಂದು ಹೊಟ್ಟೆಯುರಿದು ಬೇಡಿಕೊಂಡಳು. ಬೇಡಿದ್ದು ಎಂಥದ್ದೆಂದು ಮರುಕ್ಷಣವೇ ಹೊಳೆಯಿತು. ಆದರೂ ಊರು ಬರುವವರೆಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.